ಗಾಜಿನ ಕಾಗೆ: ಇದು ಕೆತ್ತನೆಯಾ, ಅಲ್ವಾ?

ಕಾಗೆಬಂಗಾರ:
ನಾನಿರುವುದು ಸಿಯಾಟಲ್ ಹತ್ತಿರ. ಊರಿಂದ ಮಾವ ಬಂದಿದ್ದಾರೆ. ಸಾಗರದ ಕಡೆಯವರು, ಹುಡುಗನಾಗಿದ್ದಾಗ ಹತ್ತು ವರ್ಷ ಗಂಧದ ಮರ ಕೆತ್ತಿದ ಕೈ. ಮೊನ್ನೆ ಅವರನ್ನು ಪ್ರೆಸ್ಟನ್ ಸಿಂಗಲ್‌ಟರಿ ಎಂಬುವರ ಗಾಜಿನ ಕೆಲಸ ನೋಡಲು ಕರೆದುಕೊಂಡು ಹೋಗಿದ್ದೆ. ಗೊತ್ತಿಲ್ಲದವರಿಗೆ: ಇವರು ಹುಟ್ಟಿದ್ದು 1963ರಲ್ಲಿ, ಬೆಳೆದದ್ದು ಸಿಯಾಟಲ್‌ನಲ್ಲಿ. ತಾಯಿ ಕಡೆಯಿಂದ ಟ್ಲಿಂಗಿಟ್ ಜನ. ಅಲಾಸ್ಕಾದ ಆಗ್ನೇಯ ಕರಾವಳಿಯ ಮೂಲನಿವಾಸಿಗಳು. (ಇಲ್ಲಿನವರು ಕ್ಲಿಂಕಿಟ್ ಅಂತಾರೆ. ಬರೆಯೋದೊಂದು, ಅನ್ನೋದೊಂದು.) ಆ ಜನ ನೂರಾರು ವರ್ಷ ಸೀಡರ್ ಮರದಲ್ಲಿ ಕಂಬ, ಮುಖವಾಡ, ಪೆಟ್ಟಿಗೆ ಕೆತ್ತಿದವರು. ಇವರು ಅದೇ ಕಾಗೆ, ಅದೇ ತಿಮಿಂಗಿಲ, ಅದೇ ರೇಖೆಗಳನ್ನು ಗಾಜಿನಲ್ಲಿ ತರುತ್ತಾರೆ.

ಒಂದು ಟೋಪಿ ಇತ್ತು. ಇವರ ಹಿರಿಯರು ಸ್ಪ್ರೂಸ್ ಮರದ ಬೇರು ಹೆಣೆದು ಮಾಡುತ್ತಿದ್ದ ಅಗಲ ಅಂಚಿನ ಟೋಪಿಯ ಆಕಾರ. ಆದರೆ ಗಾಜು, ಅದನ್ನು ತಲೆಕೆಳಗಾಗಿ ಇಟ್ಟರೆ ದೊಡ್ಡ ಬೋಗುಣಿ ಥರ. ಮೇಲಿಂದ ದೀಪ ಬಿಟ್ಟಿದ್ದರು. ಕೆಳಗಿನ ಹಲಗೆ ಮೇಲೆ ಅದರ ಚಿತ್ರವೆಲ್ಲ ನೆರಳಾಗಿ ಬಿದ್ದಿತ್ತು. ನಾನು ಬಾಯಿ ಬಿಟ್ಟು ನಿಂತಿದ್ದೆ. ಮಾವ ಐದು ನಿಮಿಷ ನೋಡಿ, "ಚಂದ ಇದೆ ಮಾರಾಯ. ಆದರೆ ಇದು ಕೆತ್ತನೆ ಅಲ್ಲ" ಅಂದರು. ಕಾರಲ್ಲಿ ವಾಪಸ್ ಬರುವಷ್ಟು ಹೊತ್ತೂ ಅದೇ ಜಗಳ. ನೀವೇನಂತೀರಿ?

ಉಳಿಪೆಟ್ಟು:
ನಿಮ್ಮ ಮಾವನಿಗೆ ನನ್ನ ನಮಸ್ಕಾರ ತಿಳಿಸಿ. ನೂರಕ್ಕೆ ನೂರು ಸರಿ.

ನಾನು ಕಲ್ಲು, ಮರ ಎರಡೂ ಕೆತ್ತಿದವನು. ಕೆತ್ತನೆ ಅಂದರೆ ಎದುರಿಗಿರುವ ವಸ್ತು ಮಾತಾಡಬೇಕು. ಮರಕ್ಕೆ ಎಳೆ ಇರುತ್ತೆ, ಗಂಟು ಇರುತ್ತೆ. ಎಳೆಗೆ ವಿರುದ್ಧ ಉಳಿ ಹಾಕಿದರೆ ಸಿಬಿರು ಏಳುತ್ತೆ. ಗಂಟು ಬಂದರೆ ಮೂಗನ್ನು ಅರ್ಧ ಬೆರಳು ಆಚೆ ಸರಿಸಬೇಕಾಗುತ್ತೆ. ಆ ಕೊಸರಾಟವೇ ಕೆತ್ತನೆ. ಗಾಜನ್ನು ಊದುತ್ತಾರೆ, ಆಮೇಲೆ ಯಂತ್ರದಲ್ಲಿ ಮರಳು ಹೊಡೆಯುತ್ತಾರೆ. ಮರಳಿಗೆ ಏನು ಗೊತ್ತು, ಎಳೆ ಎಲ್ಲಿದೆ ಅಂತ?

ಸುಮಾ ಟಕೋಮಾ:
ಉಳಿಪೆಟ್ಟು ಅವರೇ, ನೀವು ಗಾಜಿನ ಕುಲುಮೆ ಮುಂದೆ ಒಂದ್ಸಲ ನಿಂತಿದ್ದರೆ ಹೀಗೆ ಅನ್ನುತ್ತಿರಲಿಲ್ಲ. 😀

ನಾನಿರುವ ಟಕೋಮಾದಲ್ಲಿ ಗಾಜಿಗಂತಲೇ ಒಂದು ಮ್ಯೂಸಿಯಂ ಇದೆ, 2002ರಲ್ಲಿ ತೆರೆದದ್ದು. ಓರೆಯಾಗಿ ನಿಂತ ದೊಡ್ಡ ಲೋಹದ ಶಂಕುವಿನ ಥರ ಕಟ್ಟಡ, ಅದರೊಳಗೇ ಕುಲುಮೆ. ಬೆಂಚಿನ ಮೇಲೆ ಕೂತು ಊದುವುದನ್ನು ನೋಡಬಹುದು. ಅದನ್ನು ನೋಡಿ ನೋಡಿ ಹುಚ್ಚು ಹಿಡಿದು ನಾನೂ ಬೇರೊಂದು ಕಡೆ ಶುರುವಾತಿನ ಕ್ಲಾಸಿಗೆ ಸೇರಿದೆ. ಕಲಿತದ್ದು ಸ್ವಲ್ಪವೇ, ಅಷ್ಟನ್ನು ಹೇಳುತ್ತೇನೆ.

ಕುಲುಮೆಯೊಳಗೆ ಗಾಜು ಸುಮಾರು 1100 ಡಿಗ್ರಿ ಸೆಲ್ಸಿಯಸ್. ಕಬ್ಬಿಣದ ಕೊಳವೆ ತುದಿಗೆ ಸುತ್ತಿಕೊಂಡು ಹೊರಗೆ ತೆಗೆದರೆ ಜೋನಿ ಬೆಲ್ಲದ ಥರ. ತಿರುಗಿಸುತ್ತಲೇ ಇರಬೇಕು. ಎರಡು ಸೆಕೆಂಡ್ ಮರೆತರೆ ಒಂದು ಕಡೆ ಜೋಲುತ್ತೆ. ಸಿಂಗಲ್‌ಟರಿ ಮಾಡುವ ಥರದ ಕೆಲಸಕ್ಕೆ ಒಂದು ಬಣ್ಣದ ಗಾಜಿನ ಮೇಲೆ ಇನ್ನೊಂದು ಬಣ್ಣದ ತೆಳು ಪದರ ಬೇಕು. ಒಳಗೆ ಕೆಂಪು, ಮೇಲೆ ಕಪ್ಪು ಅಂದುಕೊಳ್ಳಿ. ಊದಿ ಆಕಾರ ಬಂದ ಮೇಲೆ ಇನ್ನೊಂದು ಒಲೆಯಲ್ಲಿಟ್ಟು ನಿಧಾನಕ್ಕೆ ಆರಿಸಬೇಕು. ದೊಡ್ಡದಾದರೆ ದಿನಗಟ್ಟಲೆ. ಅವಸರ ಮಾಡಿದರೆ ತಣ್ಣಗಾಗುವಾಗಲೇ ಟಣ್ ಅಂತ ಸೀಳುತ್ತೆ.

ಮಾವನವರು ಕೇಳಬೇಕಾದ ಭಾಗ ಆಮೇಲಿನದು. ತಣ್ಣಗಾದ ಗಾಜಿನ ಮೈತುಂಬ ರಬ್ಬರಿನಂಥ ಟೇಪ್ ಅಂಟಿಸುತ್ತಾರೆ. ಅದರ ಮೇಲೆ ಪೆನ್ಸಿಲಿನಲ್ಲಿ ಚಿತ್ರ. ಆಮೇಲೆ ಚೂಪು ಚಾಕುವಿನಲ್ಲಿ ಒಂದೊಂದೇ ರೇಖೆ ಕೊಯ್ದು, ಎಲ್ಲಿ ಕೆತ್ತಬೇಕೋ ಅಲ್ಲಿನ ಟೇಪನ್ನು ಮಾತ್ರ ಕೀಳುತ್ತಾರೆ. ಗಟ್ಟಿ ಮರಳನ್ನು ಗಾಳಿಯ ರಭಸದಲ್ಲಿ ಹೊಡೆದಾಗ, ಟೇಪ್ ಇಲ್ಲದ ಜಾಗದಲ್ಲಿ ಮೇಲಿನ ಕಪ್ಪು ಸವೆದು ಒಳಗಿನ ಕೆಂಪು ಕಾಣುತ್ತೆ. ನಳಿಗೆ ಎಷ್ಟು ಹೊತ್ತು ಎಲ್ಲಿ ಹಿಡಿಯಬೇಕು ಅನ್ನೋದು ಪೂರ್ತಿ ಕೈಯ ಅಳತೆ. ಜಾಸ್ತಿ ಹಿಡಿದರೆ ಒಳಪದರವೂ ಹೋಯಿತು. ಮರದಲ್ಲಿ ಮೂಗು ಅರ್ಧ ಬೆರಳು ಸರಿಸಬಹುದು, ಇಲ್ಲಿ ಅದೂ ಇಲ್ಲ.

ಉಳಿಪೆಟ್ಟು:
ಕಷ್ಟ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಹೋಳಿಗೆ ಲಟ್ಟಿಸೋದೂ ಕಷ್ಟವೇ. ಕಷ್ಟ ಇದ್ದಿದ್ದೆಲ್ಲ ಕೆತ್ತನೆ ಆಗಲ್ಲ.

ರೇಖಾಗಣಿತ:
ನೀವಿಬ್ಬರೂ ಉಪಕರಣದ ಸುತ್ತಲೇ ಸುತ್ತುತ್ತಿದ್ದೀರಿ. ಆ ಕರಾವಳಿಯ ಕಲೆಯ ಬೆನ್ನೆಲುಬು ಇರುವುದು ರೇಖೆಯಲ್ಲಿ. ಬಿಲ್ ಹೋಮ್ ಎಂಬ ವಿದ್ವಾಂಸರು 1965ರಲ್ಲಿ ಅದಕ್ಕೆ 'ಫಾರ್ಮ್‌ಲೈನ್' ಅಂತ ಹೆಸರಿಟ್ಟರು. ಹೆಸರು ಹೊಸದು, ಪದ್ಧತಿ ಬಹಳ ಹಳೆಯದು. ಒಂದು ದಪ್ಪ ರೇಖೆ ಎಲ್ಲೂ ಕಡಿಯದೆ ಹರಿಯುತ್ತದೆ. ಉಬ್ಬುತ್ತದೆ, ಸಣ್ಣಗಾಗುತ್ತದೆ, ಮತ್ತೆ ಉಬ್ಬುತ್ತದೆ. ಮೂಲೆ ಸವೆದ ಮೊಟ್ಟೆಯಂಥ ಒಂದು ಆಕಾರ, ಇಂಗ್ಲಿಷಿನ ಯು ಅಕ್ಷರದಂಥ ಒಂದು, ಎಸ್ ಥರದ್ದೊಂದು. ಇಷ್ಟರಲ್ಲೇ ಕಣ್ಣು, ರೆಕ್ಕೆ, ಬಾಲ, ಕೀಲು ಎಲ್ಲ ಆಗಬೇಕು. ಮುಖ್ಯ ರೇಖೆ ಸಾಮಾನ್ಯವಾಗಿ ಕಪ್ಪು, ಅದರೊಳಗಿನದು ಕೆಂಪು.

ನಮ್ಮ ಎಳೆ ರಂಗೋಲಿ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈ ಎತ್ತಬಾರದು, ರೇಖೆ ತನ್ನಷ್ಟಕ್ಕೆ ಬಂದು ಕೂಡಬೇಕು. ಹೋಲಿಕೆ ಅಲ್ಲಿಗೇ ಮುಗಿಯಿತು ಅನ್ನಿ, ಎಳೆದಾಡಬಾರದು.

ಈ ವ್ಯಾಕರಣ ಮರದ ಮೇಲೆ ಮಾತ್ರ ಇರಲಿಲ್ಲ. ಕಾಡುಮೇಕೆಯ ಉಣ್ಣೆ ಮತ್ತು ಸೀಡರ್ ತೊಗಟೆ ಸೇರಿಸಿ ನೇಯ್ದ ಚಿಲ್ಕಾಟ್ ಹೊದಿಕೆಯಲ್ಲಿ ಇದೆ. ಕೊಂಬಿನ ಚಮಚದಲ್ಲಿದೆ, ತಾಮ್ರದ ತಗಡಿನಲ್ಲಿದೆ, ಬೆಳ್ಳಿ ಬಳೆಯಲ್ಲಿದೆ. ಗಾಜಿನ ಮೇಲೆ ಬಂದರೆ ಮಾತ್ರ ಯಾಕೆ ಅಷ್ಟು ತಕರಾರು?

ಗುಡುಗುಡು:
ತಕರಾರು ಯಾಕೆ ಅಂದ್ರೆ ಗಾಜು ಮಾರಾಟವಾಗುತ್ತೆ. ಮರದ ಕಂಬ ಮಳೆಯಲ್ಲಿ ನಿಂತು ಕೊಳೆಯುತ್ತೆ, ಗಾಜಿನ ಕಾಗೆ ಶ್ರೀಮಂತರ ಹಜಾರದಲ್ಲಿ ದೀಪದ ಕೆಳಗೆ ಕೂರುತ್ತೆ. 'ಪರಂಪರೆ ಮತ್ತು ಆಧುನಿಕತೆಯ ಸಂಗಮ' ಅಂತ ಚೀಟಿ ಅಂಟಿಸಿದರೆ ಬೆಲೆಗೆ ಇನ್ನೊಂದು ಸೊನ್ನೆ. ಮುಖವಾಡ ಇರೋದು ಹಾಕ್ಕೊಂಡು ಕುಣಿಯೋಕೆ. ಗಾಜಿನ ಮುಖವಾಡ ಹಾಕ್ಕೊಂಡು ಯಾರು ಕುಣೀತಾರೆ? ಇವರು ಗಾಜಿನ ಗಿಲಕಿಯನ್ನೂ ಮಾಡಿದ್ದಾರೆ. ಅದನ್ನ ಒಂದ್ಸಲ ಆಡಿಸಿ ನೋಡೋಣ.

ಕಾಗೆಬಂಗಾರ:
ಗುಡುಗುಡು, ಇದನ್ನೇ ಮಾವ ಬೇರೆ ಥರ ಹೇಳಿದರು. "ಕೈಲಿ ಹಿಡಿದು ತಿರುಗಿಸಿ ನೋಡೋಕಾಗದ ವಸ್ತು" ಅಂತ.

ಹಳೆಪೆಟ್ಟಿಗೆ:
ಮಾರಾಟ ಅನ್ನೋದು ಹೊಸ ಪಾಪ ಅಂದುಕೊಂಡಿದ್ದೀರಾ? ಆ ಕರಾವಳಿಯ ಇತಿಹಾಸ ಸ್ವಲ್ಪ ನೋಡಿ. ಕ್ಯಾಪ್ಟನ್ ಕುಕ್ 1778ರಲ್ಲಿ ಅದೇ ಕರಾವಳಿಯ ನೂಟ್ಕಾ ಎಂಬ ಜಾಗಕ್ಕೆ ಬಂದಾಗಲೇ ಅಲ್ಲಿನ ಜನರ ಹತ್ತಿರ ಕಬ್ಬಿಣ ಇತ್ತು. ವ್ಯಾಪಾರದ ಹಡಗುಗಳು ಜಾಸ್ತಿಯಾಗಿ ಕಬ್ಬಿಣದ ಬಾಚಿ, ಚಾಕು ಸಲೀಸಾಗಿ ಸಿಗುವಂತಾದ ಮೇಲೆ ದೊಡ್ಡ ಕಂಬಗಳ ಕೆತ್ತನೆ ಭರ್ಜರಿಯಾಗಿ ಬೆಳೆಯಿತು. ಅಂದರೆ ಫೋಟೋದಲ್ಲಿ ನೋಡಿ ನಾವು 'ಪುರಾತನ' ಅನ್ನುವ ಆ ಸಾಲು ಸಾಲು ಕಂಬಗಳ ಹಿಂದೆ ಹೊರಗಿನಿಂದ ಬಂದ ಲೋಹ ಇದೆ. ಕೆಂಪು ಬಣ್ಣಕ್ಕೆ ಚೀನಾದ ಇಂಗಳೀಕ ಬರುತ್ತಿತ್ತು. ಟ್ಲಿಂಗಿಟ್ ಯೋಧರು ಚೀನಾದ ತೂತುಕಾಸುಗಳನ್ನು ಸಾಲಾಗಿ ಹೊಲಿದು ಚರ್ಮದ ಕವಚ ಮಾಡಿಕೊಂಡಿದ್ದರು. ಈಗಲೂ ಮ್ಯೂಸಿಯಂಗಳಲ್ಲಿವೆ. ಅಂಗಡಿಯ ಉಣ್ಣೆ ಕಂಬಳಿಗೆ ಚಿಪ್ಪಿನ ಗುಂಡಿ ಹೊಲಿದು ಕುಲದ ಲಾಂಛನ ಮೂಡಿಸಿದ್ದು ಈಗ ಅಪ್ಪಟ ಸಂಪ್ರದಾಯ. ಕಂಬಳಿಯೂ ಹೊರಗಿನದು, ಗುಂಡಿಯೂ ಹೊರಗಿನದು.

ಗಾಜೂ ಅಷ್ಟೇ. ಮಣಿಯ ರೂಪದಲ್ಲಿ 18ನೇ ಶತಮಾನದಿಂದಲೇ ಅಲ್ಲಿದೆ. ಬೆಲೆಬಾಳುವ ತುಪ್ಪಳ ಕೊಟ್ಟು ಗಾಜಿನ ಮಣಿ ಕೊಳ್ಳುತ್ತಿದ್ದರು. ಹಾಗೆ ನೋಡಿದರೆ ಸಿಂಗಲ್‌ಟರಿ ತಂದದ್ದು ಗಾಜನ್ನಲ್ಲ, ಗಾಜಿನ ಗಾತ್ರವನ್ನು.

ಗುಡುಗುಡು:
ಕಂಬಳಿ ಹೊದ್ದುಕೊಂಡು ಕುಣಿದರು. ಕವಚ ಹಾಕ್ಕೊಂಡು ಯುದ್ಧ ಮಾಡಿದರು. ನನ್ನ ಪ್ರಶ್ನೆ ಹಾಗೇ ಇದೆ.

ಹಳೆಪೆಟ್ಟಿಗೆ:
ಇದೆ, ಒಪ್ಪಿದೆ. ಯೋಚನೆ ಮಾಡಿ ಬರುತ್ತೇನೆ.

ಶಿವನೆಮರ:
ನಮ್ಮದು ಸೊರಬದ ಗುಡಿಗಾರರ ಮನೆ. ಸುಮ್ನೆ ಓದ್ತಾ ಕೂತಿದ್ದೆ, ಈಗ ತಡೆಯಲಾಗಲಿಲ್ಲ.

ನಮ್ಮಜ್ಜ ಗಂಧದಲ್ಲಿ ಕೆತ್ತುತ್ತಿದ್ದರು. ಗಂಧ ಸಿಗೋದು ಕಷ್ಟವಾದ ಮೇಲೆ ನಮ್ಮಪ್ಪ ಶಿವನೆ ಮರಕ್ಕೆ ಬಂದರು. ಹೆಸರು ಅಲ್ಲಿಂದಲೇ ಇಟ್ಟುಕೊಂಡಿದ್ದು. ಅಜ್ಜ ಸಾಯೋವರೆಗೂ ಶಿವನೆಯನ್ನು 'ಸೌದೆ' ಅಂತಲೇ ಕರೆಯುತ್ತಿದ್ದರು. ಗಂಧದಲ್ಲಿ ಕೂದಲೆಳೆಯಷ್ಟು ಸಣ್ಣ ಬಳ್ಳಿ ನಿಲ್ಲುತ್ತೆ. ಶಿವನೆಯಲ್ಲಿ ಅಷ್ಟು ಸಣ್ಣಗೆ ಹೋಗೋಕಾಗಲ್ಲ, ಬಳ್ಳಿಯನ್ನು ಸ್ವಲ್ಪ ದಪ್ಪ ಮಾಡಲೇಬೇಕು. ಅಪ್ಪ ದಪ್ಪ ಮಾಡಿದರು. ಈಗ ನಮ್ಮಲ್ಲಿ ಕಲಿಯುವ ಹುಡುಗರು ಆ ದಪ್ಪ ಬಳ್ಳಿಯನ್ನೇ 'ನಮ್ಮ ಶೈಲಿ' ಅಂತಾರೆ. ನಗು ಬರುತ್ತೆ.

ಮೈಸೂರಿನ ಬೀಟೆ ಮರದ ಕುಸುರಿಯೂ ಹಾಗೇ. ಮೊದಲು ಆನೆದಂತ ಕೂರಿಸುತ್ತಿದ್ದರು, ದಂತ ನಿಂತ ಮೇಲೆ ಪ್ಲಾಸ್ಟಿಕ್ ಬಂತು. ಅದನ್ನು ಯಾರೂ 'ಸಂಗಮ' ಅನ್ನಲಿಲ್ಲ. ಬೇರೆ ದಾರಿ ಇರಲಿಲ್ಲ ಅಷ್ಟೇ.

ಅದಕ್ಕೇ ನನಗೊಂದು ಅನುಮಾನ. ಸಿಂಗಲ್‌ಟರಿಗೆ ಮರ ಸಿಗದೆ ಗಾಜಿಗೆ ಬಂದರಾ, ಇಲ್ಲ ಬೇಕಂತಲೇ ಬಂದರಾ? ಎರಡೂ ಒಂದೇ ಅಲ್ಲ.

ಸುಮಾ ಟಕೋಮಾ:
ಒಳ್ಳೆ ಪ್ರಶ್ನೆ. ಅವರು ಮರದಿಂದ ಗಾಜಿಗೆ ಬಂದವರೇ ಅಲ್ಲ! ಗಾಜಿನಿಂದ ಶುರುಮಾಡಿ ಹಿರಿಯರ ರೇಖೆಗೆ ಬಂದವರು. ಹುಡುಗನಾಗಿದ್ದಾಗ ಸಂಗೀತದ ಹುಚ್ಚು. ಗೆಳೆಯ ಡಾಂಟೆ ಮರಿಯೋನಿ ಹೇಳಿದ ಅಂತ 1982ರಲ್ಲಿ ಸಿಯಾಟಲ್‌ನ ಒಂದು ಗಾಜಿನ ಕಾರ್ಖಾನೆಗೆ ರಾತ್ರಿ ಕಾವಲಿಗೆ ಸೇರಿದರು. ಅಲ್ಲಿಂದ ಊದುವ ತಂಡಕ್ಕೆ, ಅಲ್ಲಿಂದ ಪಿಲ್ಚಕ್ ಗಾಜಿನ ಶಾಲೆಗೆ. ಹೆಸರಾಂತ ಗಾಜಿನ ಕಲಾವಿದ ಡೇಲ್ ಚಿಹುಲಿ ಮತ್ತು ಗೆಳೆಯರು 1971ರಲ್ಲಿ ಕಟ್ಟಿದ ಶಾಲೆ ಅದು. ಮೊದಲು ಕಲಿತದ್ದು ಯುರೋಪಿನ ವಿದ್ಯೆ, ವೆನಿಸ್ ಕಡೆಯ ಊದುವ ಪದ್ಧತಿ. ಆಮೇಲೆ 'ನನ್ನದು ಅನ್ನುವುದು ಏನಿದೆ' ಅಂತ ಹುಡುಕುತ್ತಾ ಅಜ್ಜಿ ಮುತ್ತಜ್ಜಿಯರ ಕಡೆ ತಿರುಗಿದರು.

ಇನ್ನೊಂದು ಮಜಾ ಇದೆ. ವೆನಿಸ್ ಪಕ್ಕದ ಮುರಾನೊ ದ್ವೀಪದವರು ತಮ್ಮ ಗಾಜಿನ ಗುಟ್ಟನ್ನು ಶತಮಾನಗಟ್ಟಲೆ ಹೊರಗೆ ಬಿಟ್ಟವರಲ್ಲ. ಅಲ್ಲಿನ ಗುರು ಲೀನೊ ತಾಲ್ಯಾಪಿಯೆತ್ರಾ 1979ರಲ್ಲಿ ಪಿಲ್ಚಕ್‌ಗೆ ಬಂದು ಕಲಿಸಿದಾಗ ಊರಿನವರು ಕಣ್ಣು ಕೆಂಪು ಮಾಡಿದರು. ಪರಂಪರೆ ಕೆಡುತ್ತೆ ಅನ್ನುವ ಜಗಳ ಆ ಕಡೆಯೂ ಇತ್ತು ನೋಡಿ.

ಉಳಿಪೆಟ್ಟು:
ಹಾಗಾದರೆ ಇನ್ನೂ ಕೆಟ್ಟಿತು. ಮರ ಮುಟ್ಟದೇ ಮರದ ಕಲೆ.

ನಾನು ಸುಮ್ಮನೆ ಹಟ ಮಾಡ್ತಿಲ್ಲ. ಆ ಫಾರ್ಮ್‌ಲೈನ್ ಉಬ್ಬುವುದು, ಸಣ್ಣಗಾಗುವುದು ಯಾಕೆ? ಸೀಡರ್ ಮರದ ಮೇಲೆ ಬಾಚಿ, ಬಾಗಿದ ಚಾಕು ಓಡುವ ರೀತಿಯಿಂದ. (ಸೀಡರ್ ಅಂದರೆ ನಮ್ಮ ಹಿಮಾಲಯದ ದೇವದಾರು ಅಲ್ಲ, ಬೇರೆ ಜಾತಿ. ಮೆತ್ತಗೆ, ನೇರ ಎಳೆ, ಸೀಳಿದರೆ ಹಲಗೆ ಹಲಗೆಯಾಗಿ ಬರುತ್ತೆ.) ವಸ್ತುವಿನಿಂದ ಹುಟ್ಟಿದ ರೇಖೆಯನ್ನು ಕಿತ್ತು ಇನ್ನೊಂದು ವಸ್ತುವಿಗೆ ಅಂಟಿಸಿದರೆ ಅದು ಅಲಂಕಾರ ಆಗುತ್ತೆ.

ರೇಖಾಗಣಿತ:
ಅದನ್ನು ಅಷ್ಟು ಖಡಾಖಂಡಿತವಾಗಿ ಹೇಳಬೇಡಿ. ನೇಯ್ಗೆಯಲ್ಲೂ ಅದೇ ರೇಖೆ ಇದೆ ಅಂತ ಆಗಲೇ ಹೇಳಿದೆ, ಅಲ್ಲಿ ಯಾವ ಬಾಚಿ ಓಡಿತು? ಮಗ್ಗದ ಮೇಲೆ ದುಂಡು ತಿರುವು ತರುವುದು ಮಹಾ ಕಷ್ಟ. ಆದರೂ ಚಿಲ್ಕಾಟ್ ನೇಕಾರ ಹೆಂಗಸರು ತಂದರು. ಅದೂ ಗಂಡಸರು ಹಲಗೆಯ ಮೇಲೆ ಬಿಡಿಸಿಕೊಟ್ಟ ಮಾದರಿ ನೋಡಿ. ರೇಖೆ ಮೊದಲಿನಿಂದಲೂ ವಸ್ತುವಿನಿಂದ ವಸ್ತುವಿಗೆ ಹಾರುತ್ತಲೇ ಇದೆ.

ನಮ್ಮ ಕಡೆಯ ಸಾಕ್ಷಿಯೂ ಇದೆ. ಬಾದಾಮಿಯದು ಮರಳುಗಲ್ಲು, ಬೇಲೂರು ಹಳೇಬೀಡಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಕಲ್ಲು ಬದಲಾಗದೇ ಇದ್ದಿದ್ದರೆ ಮದನಿಕೆಯ ಕೊರಳ ಹಾರದ ಹಿಂದೆ ಕಡ್ಡಿ ತೂರಿಸುವಂಥ ಸಂದು ಬರುತ್ತಿತ್ತಾ? ನೀವೇ ಕಲ್ಲು ಕೆತ್ತಿದವರು, ಹೇಳಿ.

ಉಳಿಪೆಟ್ಟು:
ಬರುತ್ತಿರಲಿಲ್ಲ. 🙂

ಆದರೆ ಅದು ನನ್ನ ಮಾತೇ ಆಯ್ತಲ್ಲ? ಹೊಸ ಕಲ್ಲು ಹೊಸ ಕೆಲಸ ಮಾಡಿಸಿತು. ಹಾಗಾದರೆ ಗಾಜು ಏನು ಹೊಸದನ್ನು ಮಾಡಿಸಿದೆ, ಅದನ್ನು ಹೇಳಿ. ಮರದಲ್ಲಿ ಆಗದ್ದು ಗಾಜಿನಲ್ಲಿ ಏನಾಯಿತು? ಅದಕ್ಕೆ ಉತ್ತರ ಇದ್ದರೆ ನಾನು ಸೋತೆ.

ಕಾಗೆಬಂಗಾರ:
ಉತ್ತರ ನಾನು ಮೊದಲೇ ಬರೆದಿದ್ದೆ ಸ್ವಾಮಿ. ನೆರಳು!

ಸರಿ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಂಗಲ್‌ಟರಿ ಅವರ ದೊಡ್ಡ ಪ್ರದರ್ಶನ ಒಂದಿತ್ತು, ಕಾಗೆ ಮತ್ತು ಹಗಲಿನ ಪೆಟ್ಟಿಗೆಯ ಕಥೆ. ಟಕೋಮಾದಲ್ಲಿ 2018ರಲ್ಲಿ ಶುರುವಾಗಿ, 2022ರಲ್ಲಿ ವಾಷಿಂಗ್ಟನ್‌ನ ಅಮೆರಿಕನ್ ಇಂಡಿಯನ್ ಮ್ಯೂಸಿಯಂಗೂ ಹೋಯಿತು. ಕಥೆ ಟ್ಲಿಂಗಿಟ್ಟರದು, ಅವರಲ್ಲೇ ಹಲವು ಪಾಠ ಇವೆ. ಸಾರ ಇಷ್ಟು. ಲೋಕವೆಲ್ಲ ಕತ್ತಲು. ನಾಸ್ ನದಿಯ ತಲೆಕಡೆ ಒಬ್ಬ ಮುದುಕ ನಕ್ಷತ್ರ, ಚಂದ್ರ, ಹಗಲು ಮೂರನ್ನೂ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಾನೆ. ಕಾಗೆ ಆಗ ಬೆಳ್ಳಗಿತ್ತಂತೆ. (ನಮ್ಮ ಮನೆ ಹಿಂದಿನ ಕಾಗೆಯಲ್ಲ, ಅದರ ದೊಡ್ಡಣ್ಣ, ರೇವನ್.) ಅದು ಮರದ ಸಣ್ಣ ಸೂಜಿಯೆಲೆಯಾಗಿ ನೀರಿಗೆ ಬೀಳುತ್ತೆ. ಮುದುಕನ ಮಗಳು ಆ ನೀರು ಕುಡಿದು ಬಸುರಾಗುತ್ತಾಳೆ. ಹುಟ್ಟಿದ ಮೊಮ್ಮಗನೇ ಕಾಗೆ. ರಚ್ಚೆ ಹಿಡಿದು ಅತ್ತು ಅತ್ತು ಒಂದೊಂದೇ ಪೆಟ್ಟಿಗೆ ಆಟಕ್ಕೆ ಈಸಿಕೊಳ್ಳುತ್ತಾನೆ. ಯಾವ ಅಜ್ಜ ತಾನೆ ಇಲ್ಲ ಅಂತಾನೆ? ಒಂದೊಂದನ್ನೂ ತೆರೆದು ಆಕಾಶಕ್ಕೆ ಬಿಟ್ಟುಬಿಡುತ್ತಾನೆ. ಹೊಗೆಗಂಡಿಯಲ್ಲಿ ಹಾರಿ ತಪ್ಪಿಸಿಕೊಳ್ಳುವಾಗ ಮಸಿ ಹಿಡಿದು ಕಪ್ಪಾಗುತ್ತಾನೆ.

ಈ ಕಥೆಯ ಪೆಟ್ಟಿಗೆಯನ್ನು ಮರದಲ್ಲಿ ಮಾಡಿದರೆ ಬೆಳಕು ಒಳಗಿದೆ ಅಂತ ನಾವು ನಂಬಬೇಕು. ಗಾಜಿನಲ್ಲಿ ಮಾಡಿದರೆ ಕಾಣುತ್ತೆ. ಬೆಳಕೇ ಕಥೆ ಆಗಿರುವಾಗ ಬೆಳಕು ಹಾಯುವ ವಸ್ತುವನ್ನು ಬಿಟ್ಟು ಬೇರೇನನ್ನು ಹುಡುಕಬೇಕು?

ಉಳಿಪೆಟ್ಟು:
ಹ್ಞೂಂ. ಈ ಕಾಗೆ ಮಟ್ಟಿಗೆ ಒಪ್ಪಿದೆ. ತಿಮಿಂಗಿಲಕ್ಕೆ, ಟೋಪಿಗೆ ಒಪ್ಪಿಲ್ಲ.

ಉತ್ತರದಿಕ್ಕು:
ವ್ಯಾಂಕೂವರ್‌ನಿಂದ. ಹೊಸ ವಸ್ತುವಿನ ಮಾತು ಬಂದಾಗ ಬಿಲ್ ರೀಡ್ ಹೆಸರು ಇಷ್ಟು ಹೊತ್ತಾದರೂ ಬಂದಿಲ್ಲವಲ್ಲ! 1920ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು. ತಾಯಿ ಹೈಡಾ ಜನ (ಅದೇ ಕರಾವಳಿಯ ಇನ್ನೊಂದು ಮೂಲನಿವಾಸಿ ಜನ), ತಂದೆ ಬಿಳಿಯರು. ರೇಡಿಯೋದಲ್ಲಿ ಉದ್ಘೋಷಕರಾಗಿದ್ದು, ಟೊರಾಂಟೊದಲ್ಲಿ ಆಭರಣದ ಕೆಲಸ ಕಲಿತು, ಆಮೇಲೆ ಹಿರಿಯರ ಕೆತ್ತನೆಗೆ ಬಂದರು. ನಮ್ಮ ವಿಮಾನ ನಿಲ್ದಾಣಕ್ಕೆ ಬಂದವರೆಲ್ಲ ಅವರ ಕಂಚಿನ ದೋಣಿ ನೋಡಿರ್ತೀರಿ, ಹಸಿರು ಬಣ್ಣದ್ದು. ಕಾಗೆ, ಕರಡಿ, ತೋಳ, ಕಪ್ಪೆ, ಮನುಷ್ಯರು ಎಲ್ಲ ಸೇರಿ 13 ಜನ ಇಕ್ಕಟ್ಟಿನಲ್ಲಿ ಕೂತಿದ್ದಾರೆ. ನಮ್ಮ ಹಳೇ ಕೆಂಪು ಬಸ್ಸಿನ ಥರ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಮೊದಲ ಎರಕ ಕಪ್ಪು, 1991ರಿಂದ ವಾಷಿಂಗ್ಟನ್‌ನ ಕೆನಡಾ ರಾಯಭಾರ ಕಚೇರಿಯಲ್ಲಿದೆ. ಎರಡನೆಯದು ನಮ್ಮದು, 1996ರಿಂದ.

ಅದನ್ನು ಮಾಡುತ್ತಿದ್ದಾಗ ಹೈಡಾ ದ್ವೀಪಗಳಲ್ಲಿ ಮರ ಕಡಿಯುವುದನ್ನು ವಿರೋಧಿಸಿ ರೀಡ್ ಸ್ವಲ್ಪ ಕಾಲ ಕೆಲಸವನ್ನೇ ನಿಲ್ಲಿಸಿದ್ದರು. ಕಂಚಿನಲ್ಲಿ ಕೆಲಸ, ಜಗಳ ಮರಕ್ಕಾಗಿ. ಗುಡುಗುಡು ಅವರು ಇದನ್ನೂ ಮಾರಾಟದ ಲೆಕ್ಕಕ್ಕೆ ಹಾಕ್ತಾರಾ?

ಗುಡುಗುಡು:
ಹಾಕಲ್ಲ. ಆದರೆ ಅದೇ ರೀಡ್ ಬಗ್ಗೆ ಇನ್ನೊಂದು ಕಥೆ ಇದೆಯಲ್ಲ, ಅದನ್ನು ಯಾಕೆ ಬಿಟ್ಟಿರಿ? ಅವರು ಸತ್ತ ಮರುವರ್ಷ ಕೆನಡಾದ ಒಂದು ವಾರಪತ್ರಿಕೆ, ಹೆಸರು ರೀಡ್‌ದು, ಕೈ ಬೇರೆಯವರದು ಅಂತ ಬರೆದು ದೊಡ್ಡ ರಂಪ ಆಯಿತು.

ಉತ್ತರದಿಕ್ಕು:
ಬಿಡಲಿಲ್ಲ, ಬರ್ತಾ ಇದ್ದೆ. ರೀಡ್‌ಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು. ಇಲ್ಲಿನ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಅವರ ದೊಡ್ಡ ಕೆಲಸ ಇದೆ. ಚಿಪ್ಪಿನೊಳಗಿಂದ ಇಣುಕುವ ಮೊದಲ ಮನುಷ್ಯರು, ಚಿಪ್ಪಿನ ಮೇಲೆ ಕಾಗೆ. 1980ರದು. 106 ತೊಲೆಗಳನ್ನು ಅಂಟಿಸಿ ಮಾಡಿದ ಹಳದಿ ಸೀಡರ್ ದಿಮ್ಮಿಯಲ್ಲಿ ಕೆತ್ತಿದ್ದು. (ಅಂಟಿಸಿದ ಮರ! ಉಳಿಪೆಟ್ಟು ಅವರು ಇದಕ್ಕೇನಂತಾರೋ.) ಅದಕ್ಕೆ ಜಿಮ್ ಹಾರ್ಟ್, ಗೂಜಾವ್, ರೆಜ್ ಡೇವಿಡ್‌ಸನ್, ಜಾರ್ಜ್ ರಮೆಲ್ ಮುಂತಾದವರು ಕೈ ಹಾಕಿದ್ದರು. ಇದು ಗುಟ್ಟೇನಲ್ಲ. ಮೂಲ ಆಕಾರ ರೀಡ್ 1970ರಲ್ಲಿ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಮರದ ತುಂಡಿನಲ್ಲಿ ತಾವೇ ಕೆತ್ತಿದ್ದು. ಹಡಗಿನಷ್ಟು ದೊಡ್ಡದನ್ನು ಒಬ್ಬರೇ ಯಾರು ಕೆತ್ತುತ್ತಾರೆ? ಗಾಜೂ ಅಷ್ಟೇ, ತಂಡ ಇಲ್ಲದೆ ದೊಡ್ಡದನ್ನು ಊದೋಕಾಗಲ್ಲ.

ಶಿವನೆಮರ:
ನಮ್ಮ ಮನೆಯಲ್ಲಿ ಅಪ್ಪ ಮುಖ ಮಾತ್ರ ಕೆತ್ತುತ್ತಿದ್ದರು. ಉಳಿದದ್ದೆಲ್ಲ ಚಿಕ್ಕಪ್ಪಂದಿರು, ನಾವು ಮಕ್ಕಳು. ಹೆಸರು ಮಾತ್ರ ಅಪ್ಪಂದು. ಚಿಕ್ಕಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪೀಠದ ಕೆಳಗೆ, ಯಾರಿಗೂ ಕಾಣದ ಕಡೆ, ಒಂದು ಸಣ್ಣ ಮೀನು ಕೆತ್ತಿಡುತ್ತಿದ್ದರು. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣ ಅಂಥವರು ಹೆಸರು ಕೆತ್ತಿ ಹೋಗಿದ್ದಾರಲ್ಲ, ಅವರ ಕೈಕೆಳಗೆ ಎಷ್ಟು ಮೀನುಗಳಿದ್ದವೋ.

ಹಳೆಪೆಟ್ಟಿಗೆ:
ಯೋಚನೆ ಮಾಡಿ ಬರ್ತೀನಿ ಅಂದಿದ್ದೆ, ಬಂದೆ. ಗುಡುಗುಡು ಕೇಳಿದ್ದು: ಕುಣಿಯೋಕೆ ಬರದ ಮುಖವಾಡ ಯಾತಕ್ಕೆ?

ಟ್ಲಿಂಗಿಟ್ ಭಾಷೆಯಲ್ಲಿ 'ಅಟ್ ಊವ್' ಅಂತ ಒಂದು ಮಾತಿದೆ. ಕುಲಕ್ಕೆ ಸೇರಿದ ಸ್ವತ್ತು ಅಂತ ಹೆಚ್ಚುಕಡಿಮೆ ಅರ್ಥ. ವಸ್ತು ಮಾತ್ರ ಅಲ್ಲ, ಲಾಂಛನ, ಕಥೆ, ಹಾಡು, ಹೆಸರು, ಜಾಗ ಎಲ್ಲ ಅದರೊಳಗೆ ಬರುತ್ತೆ. ತಿಮಿಂಗಿಲ ಯಾರ ಲಾಂಛನವೋ ಅವರೇ ಅದನ್ನು ಹೊರಬೇಕು. ಕುಲ ತಾಯಿಯಿಂದ ಬರುತ್ತೆ, ಮಕ್ಕಳಿಗೆ ಸೋದರಮಾವನೇ ಗುರು. ತುಳುನಾಡಿನ ಅಳಿಯಕಟ್ಟಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಸೊಗಸು: ನನ್ನ ಕುಲದ ಕಂಬವನ್ನು ನನ್ನವರು ಕೆತ್ತುವಂತಿರಲಿಲ್ಲ. ಅವರಲ್ಲಿ ಕುಲಗಳೆಲ್ಲ ಎರಡು ಪಂಗಡ, ಎದುರು ಪಂಗಡದವರಿಗೆ ಹೇಳಿ ಕೆತ್ತಿಸಬೇಕು, ಆಮೇಲೆ ಎಲ್ಲರನ್ನೂ ಕರೆದು ಊಟ ಹಾಕಿ, ಸಾಕ್ಷಿಗಳ ಮುಂದೆ ಕೂಲಿ, ಉಡುಗೊರೆ ಕೊಡಬೇಕು. ಆ ಕೊಡುವಿಕೆಯಿಂದಲೇ ವಸ್ತು 'ನಮ್ಮದು' ಆಗುತ್ತಿತ್ತು.

ಅಂದರೆ ಮರವೋ ಗಾಜೋ ಅನ್ನೋದು ನಮ್ಮ ಪ್ರಶ್ನೆ. ಅವರ ಪ್ರಶ್ನೆ, ಈ ತಿಮಿಂಗಿಲ ತೊಡೋಕೆ ನೀನ್ಯಾರು ಅನ್ನೋದು. ಸಿಂಗಲ್‌ಟರಿ ಕಾಗ್ವಾಂಟಾನ್ ಕುಲದವರು, ಕೊಲೆಗಾರ ತಿಮಿಂಗಿಲ ಆ ಕುಲದ ಲಾಂಛನ. ಅವರಿಗೆ ಹಕ್ಕಿದೆ. ಅದೇ ತಿಮಿಂಗಿಲವನ್ನು ಹೊರಗಿನವನೊಬ್ಬ ಒಳ್ಳೆ ಸೀಡರ್ ಮರದಲ್ಲಿ, ಹಳೇ ಬಾಚಿಯಲ್ಲಿ, ಶಾಸ್ತ್ರೋಕ್ತವಾಗಿ ಕೆತ್ತಿದರೂ ಅದು ಕದ್ದ ಮಾಲು.

ಕದ್ದ ಮಾಲು ಅಂದ ಮೇಲೆ ನಿಮ್ಮ ಊರಿನ ಕಂಬವನ್ನು ಮರೆಯೋದು ಹೇಗೆ ಕಾಗೆಬಂಗಾರ? ಸಿಯಾಟಲ್‌ನ ಪಯೊನೀರ್ ಚೌಕದಲ್ಲಿ ನಿಂತಿದ್ದು ಟ್ಲಿಂಗಿಟ್ಟರದು. 1899ರಲ್ಲಿ ನಿಮ್ಮೂರಿನ ಗಣ್ಯ ವ್ಯಾಪಾರಿಗಳು ಹಡಗಲ್ಲಿ ಹೋಗಿ, ಟೊಂಗಾಸ್ ಎಂಬ ಹಳ್ಳಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಕಡಿದು ಹೊತ್ತು ತಂದರು. 1938ರಲ್ಲಿ ಯಾರೋ ಬೆಂಕಿ ಇಟ್ಟರು. ಈಗ ಇರೋದು ಟ್ಲಿಂಗಿಟ್ ಕೆತ್ತನೆಗಾರರು ಮಾಡಿಕೊಟ್ಟ ಪ್ರತಿ, 1940ರದು. ಅಪ್ಪಟ ಸೀಡರ್ ಮರ, ಅಪ್ಪಟ ಕಳ್ಳತನ. ಅಂದಹಾಗೆ ಸಿಯಾಟಲ್ ಇರುವುದು ಸೇಲಿಶ್ ಜನರ ನೆಲದಲ್ಲಿ. ಅಂಥ ಎತ್ತರದ ಕಂಬ ಅವರ ಪದ್ಧತಿಯೇ ಅಲ್ಲ.

ಕಾಗೆಬಂಗಾರ:
ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಊರಿಂದ ಬಂದವರನ್ನೆಲ್ಲ ಆ ಕಂಬದ ಕೆಳಗೆ ನಿಲ್ಲಿಸಿ ಫೋಟೋ ತೆಗೆದಿದ್ದೇನೆ. ಇದು ಗೊತ್ತಿರಲಿಲ್ಲ.

ಗುಡುಗುಡು:
ಹಳೆಪೆಟ್ಟಿಗೆ, ಹಕ್ಕಿನ ಮಾತು ಒಪ್ಪಿದೆ. ಹಾಗಾದರೆ ಬ್ರಯನ್ ಜಂಗನ್‌ಗೆ ಏನಂತೀರಿ? ಅವರು ನೈಕಿ ಏರ್ ಜೋರ್ಡನ್ ಬೂಟುಗಳನ್ನು ಬಿಚ್ಚಿ, ಮತ್ತೆ ಹೊಲಿದು ಕರಾವಳಿಯ ಮುಖವಾಡದಂಥವನ್ನು ಮಾಡಿದರು. 1998ರಿಂದ 2005ರವರೆಗೆ 23 ಮುಖವಾಡ. ಕೆಂಪು, ಕಪ್ಪು, ಬಿಳಿ ಬಣ್ಣ ಮೊದಲೇ ಬೂಟಿನಲ್ಲಿತ್ತು! ಅವರು ಡೇನ್-ಝಾ, ಒಳನಾಡಿನ ಜನ. ಕರಾವಳಿಯ ಮುಖವಾಡ ಅವರ ಕುಲದ್ದಲ್ಲ.

ರೇಖಾಗಣಿತ:
ಅಲ್ಲಿ ಅವರು ಯಾವ ಕುಲದ ಲಾಂಛನವನ್ನೂ ಹೊತ್ತಿಲ್ಲ. ಸಾವಿರಾರು ಪೋಸ್ಟ್‌ಕಾರ್ಡ್, ಬನಿಯನ್ನು, ಕಾಫಿ ಲೋಟಗಳ ಮೇಲೆ ಬಿಕರಿಯಾಗಿ ಸವೆದ 'ಇಂಡಿಯನ್ ಮುಖವಾಡ' ಅನ್ನೋ ಕಲ್ಪನೆಯನ್ನೇ ಬೂಟಿನ ಚರ್ಮದಲ್ಲಿ ಹೊಲಿದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನೀವು ಸಂತೆಯ ಬಗ್ಗೆ ಮಾಡಿದ ದೂರೇ ಅವರ ವಿಷಯ. ನಿಮಗೆ ಇಷ್ಟ ಆಗಬೇಕಿತ್ತಲ್ಲ?

ಗುಡುಗುಡು:
ಇಷ್ಟ ಆಗಿದೆ. ಅದೇ ಬೇಜಾರು. ಬೂಟು ಇಷ್ಟ, ಗಾಜು ಯಾಕೋ ಇಷ್ಟವಿಲ್ಲ. ಬಹುಶಃ ಗಾಜು ಜಾಸ್ತಿ ಚಂದ ಇದೆ, ಅದಕ್ಕೇ ಅನುಮಾನ.

ಕಾಗೆಬಂಗಾರ:
ಇಡೀ ಚರ್ಚೆಯನ್ನು ಮಾವನಿಗೆ ಓದಿ ಹೇಳಿದೆ. ಅಂಟಿಸಿದ ಮರಕ್ಕೆ ಮೂಗು ಮುರಿದರು, ಮೀನಿಗೆ ನಕ್ಕರು. ಕಾಗೆ ಕಥೆ ಎರಡು ಸಲ ಹೇಳಿಸಿಕೊಂಡರು. ಕೆತ್ತನೆ ಹೌದಾ ಅಲ್ವಾ ಅಂತ ಕೇಳಿದರೆ ಉತ್ತರ ಇಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, "ಆ ಟೇಪ್ ಕೊಯ್ಯುವ ಚಾಕುವಿಗೆ ಮಸೆಗಲ್ಲು ಯಾವುದು?" ಅಂತ ಕೇಳಿದರು. ಸುಮಾ, ಗೊತ್ತಾ?

ಸುಮಾ ಟಕೋಮಾ:
ಮಸೆಯಲ್ಲ, ಬ್ಲೇಡ್ ಬದಲಿಸುತ್ತಾರೆ. ನಾನು ಒಂದು ಲೋಟಕ್ಕೆ ನಾಲ್ಕು ಮುರಿದೆ.

ಕಾಗೆಬಂಗಾರ:
ಹೇಳಿದೆ. "ಹಾಗಾದರೆ ಕೈ ಒತ್ತುತ್ತಿದ್ದಾಳೆ, ಎಳೀಬೇಕು ಅಂತ ಹೇಳು" ಅಂದರು. ಶನಿವಾರ ನಿಮ್ಮ ಕ್ಲಾಸಿಗೆ ಹೊರಗಿನವರು ಬಂದು ನೋಡಬಹುದಾ?